ಬೆನ್ನಿನ ಕಾಗದ

ಮುದಗಲ್ಲಿನ ಕೋಟೆಗೋಡೆಯ ನೆರಳು
ಅಂಗಡಿಯ ಹೊಸ್ತಿಲಿಗೆ ಬರುವ ಹೊತ್ತಿಗೆ
ಫಾದರ್ ಚೌರಪ್ಪ ಗೋಣಿಚೀಲ ಇಳಿಸಿದರು.
ಒಳಗೆ ಲ್ಯಾಟಿನ್ನಿನದೊಂದು ದಪ್ಪ ಪುಸ್ತಕ,
ಬೆನ್ನು ಕಿತ್ತದ್ದು, ಗೆದ್ದಲು ಅರ್ಧ ಓದಿದ್ದು.

ಅಬ್ಬ, ಜಿಲಾನಿ ಸಾಬ, ಊರಿನ ಕಡೆಯ ಜಿಲ್ದುಗಾರ.
ಅಡತಿಯ ವಹಿ, ಶಾಲೆಯ ಹಾಜರಿ, ಶಾದಿಯ ಆಲ್ಬಮ್ಮು
ಎಲ್ಲಕ್ಕೂ ಒಂದೇ ದಬ್ಬಣ.
ನಾನು ಒಲೆಯ ಮುಂದೆ ಮೈದಾ ಸರಿ ತಿರುವುತ್ತಿದ್ದೆ,
ಹುಳಕ್ಕೆಂದು ಚಿಟಿಕೆ ಮೈಲುತುತ್ತ.
"ಬೆರಳು ನೆಕ್ಕೀ, ಹುಷಾರು."

ಹಾಳೆಗಳು ಹಿಂದುಮುಂದಾಗಿದ್ದವು.
ಅಬ್ಬನಿಗೆ ಅಕ್ಷರ ಬಾರದು, ಫಾದರಿಗೆ ದಾರ ಬಾರದು;
ಚಾಪೆಯ ಮೇಲೆ ಕೂತು ಒಂದೊಂದೇ ಎತ್ತಿದರು.
"ಇಲ್ಲಿ ನಮ್ಮ ಸಂತ ಒಬ್ಬಾತನ ಮಾತಿಗೆ ತಲೆಬಾಗ್ತಾನ.
ಹೆಸರು ಬರಿಯಂಗಿಲ್ಲ, ಬರೇ 'ತತ್ತ್ವಜ್ಞಾನಿ'.
ಗ್ರೀಕರವ. ಯೇಸು ಹುಟ್ಟೂಕಿಂತ ಮುನ್ನೂರು ವರ್ಷ ಮೊದಲೇ ಸತ್ತಾನ."
"ಹಂಗಾದ್ರ ಯೇಸುನ್ನ ಕೇಳೇ ಇಲ್ಲ ಅವ?"
"ಇಲ್ಲ." ಮತ್ತೊಂದು ಹಾಳೆ.
"ಇವ ಬರೇ 'ವ್ಯಾಖ್ಯಾನಕಾರ'. ನಿಮ್ಮವ, ಸಾಬ್ರ.
ಸ್ಪೇನಿನಾಗ ಕಾಜಿ ಇದ್ದ."

ದಬ್ಬಣ ನಿಂತಿತು.
ಕಾಜಿ ಎಂದರೆ ಅಬ್ಬನಿಗೆ ಗೊತ್ತಿದ್ದವನೊಬ್ಬನೇ:
ಲಿಂಗಸುಗೂರಿನಿಂದ ಸ್ಕೂಟರಿನಲ್ಲಿ ಬಂದು
ನಿಕಾಹ್ ಓದಿಸಿ, ಫೀಸು ಎಣಿಸಿಕೊಂಡು ಹೋಗುವವ.
"ನಮ್ಮ ಕಾಜಿ ಮಾತು ನಿಮ್ಮ ಸಂತ ಕೇಳಿದ್ನಾ?"
"ಕೇಳಿದ. ಜಗಳಾಡಿದ. ಮತ್ತೆ ಕೇಳಿದ."
"ಹಂಗಿದ್ರ ಹೆಸರು ಯಾಕ ಬರೀಲಿಲ್ಲ?"

ಫಾದರ್ ಉತ್ತರ ಹುಡುಕುವಷ್ಟರಲ್ಲಿ
ಪರದೆಯ ಆಚೆಯಿಂದ ಅಮ್ಮಿ ಚಹಾ ಚಾಚಿದಳು:
"ಅವರದಕ್ಕ ಸಕ್ಕರಿ ಕಮ್ಮಿ ಹಾಕೀನಂತ ಹೇಳು."
ಇಪ್ಪತ್ತು ವರ್ಷದ ಸಂಸಾರದಲ್ಲಿ ಅಬ್ಬನ ಹೆಸರು
ಒಮ್ಮೆಯೂ ಅವಳ ನಾಲಿಗೆಗೆ ಬಂದದ್ದಿಲ್ಲ.
'ಅವರು' ಅಂದರೆ ಸಾಕಿತ್ತು.
ಫಾದರ್ ಪರದೆಯತ್ತ ನೋಡಿದರು,
ಅಬ್ಬನತ್ತ ನೋಡಿದರು,
ಚಹಾ ಕುಡಿದರು.

ಬೆನ್ನು ಬಿಚ್ಚಿದಾಗ ಒಳಗೆ ಚಿಂದಿ ಕಾಗದ.
ಮೋಡಿ ಅಕ್ಷರ; ಯಾರದೋ ಹತ್ತಿಯ ಲೆಕ್ಕವಿರಬಹುದು,
ಇಷ್ಟು ಮಣ, ಇಷ್ಟು ಬಾಕಿ.
ಇಬ್ಬರಿಗೂ ಓದಲಾಗಲಿಲ್ಲ.
"ಕಿತ್ತು ಒಗೀರಿ, ಹೊಸಾದು ಹಾಕ್ರಿ."
"ಹೊಸ ಕಾಗದ ಬೆನ್ನಿಗೆ ಆಗಂಗಿಲ್ಲ ಫಾದರ್ರ,
ಸೀಳ್ತದ. ಬಾಗಿ ಬಾಗಿ ಮೆತ್ತಗಾದದ್ದೇ ಬೇಕು."

ಅದನ್ನೇ ತೊಯ್ಸಿ, ಬಿಡಿಸಿ, ನನ್ನ ಸರಿ ಬಳಿದು
ಮತ್ತೆ ಅಂಟಿಸಿದ. ಮೇಲೆ ಕರಿ ಬಟ್ಟೆ.
ಮೂರು ದಿನ ರುಬ್ಬುಗುಂಡಿನ ಕೆಳಗಿದ್ದರು
ಸಂತ, ಗ್ರೀಕ, ಕಾಜಿ, ಆ ಹತ್ತಿಯವ.
ನಾಲ್ಕನೆಯ ದಿನ ಗೋಣಿಚೀಲ ಬಂತು.

ನನ್ನ ಬೆರಳಿನ ನೀಲಿ
ಇನ್ನೊಂದು ವಾರ ಹೋಗಲಿಲ್ಲ.