ಮಣ್ಣಿನ ಪಾಲು

ಅರಣ್ಯ ಕಾಲೇಜಿನ ರೇವತಿ ಮಡಿವಾಳ
ದೇವನಳ್ಳಿ ಬಸ್ಸಿಳಿದು ಬಂದು ಕೇಳಿದ್ದು
ಮೆಣಸಿನ ಲೆಕ್ಕವಲ್ಲ, ಶಿರಸಿ ಪೇಟೆಯ ರೇಟಲ್ಲ:
"ಒಂದು ಹಳೇ ಪಂಚೆ ಇದೆಯಾ, ಹುಲಿಯಣ್ಣ?
ಮೈ ಹತ್ತಿಯದಿರಲಿ. ಅಂಚು ಹೇಗಿದ್ದರೂ ಅಡ್ಡಿಲ್ಲ."

ಗೇಣಗಲದ ಮೂರು ತುಂಡು ಮಾಡಿ
ಬಳ್ಳಿಯ ಬುಡದಿಂದ ಮಾರು ದೂರ,
ಅಂಗೈ ಆಳದಲ್ಲಿ, ಮಡಿಸದೆ ಹಾಸಿ ಹುಗಿದಳು.
"ನಮ್ಮ ಮನೆಯಲ್ಲಿ ಮೂರು ತಲೆಮಾರು
ಊರ ಬಟ್ಟೆ ಬೆಳ್ಳಗೆ ಮಾಡಿದರು.
ಮಣ್ಣು ಮಾಡಲಿಕ್ಕೆ ಹುಟ್ಟಿದವಳು ನಾನೊಬ್ಬಳೇ."
ಹುಬ್ಬೆ ಮಳೆ ಬಿಟ್ಟೂ ಬಿಡದ ದಿನ.

ಮೊದಲ ತುಂಡು ರಸ್ತೆಬದಿಯ ಪಟ್ಟೆಗೆ.
ಆರು ವರ್ಷದಿಂದ ಅಲ್ಲಿ ಪಂಪು ಹೊತ್ತವನು ನಾನೇ.
ಔಷಧಿ ಎನ್ನುತ್ತೇವೆ ಅದಕ್ಕೆ. ಯಾರ ಕಾಯಿಲೆಗೆ
ಎಂದು ಕೇಳಿಕೊಂಡದ್ದಿಲ್ಲ.
ಮುಚ್ಚಳದಲ್ಲಿ ಅಳೆದು, ಹದಿನಾರು ಲೀಟರಿಗೆ ಬೆರೆಸಿ,
ಮೂಗಿಗೆ ಟವೆಲು ಕಟ್ಟಿ ಹೊರಟರೆ
ಹತ್ತಾಳಿನ ಕೆಲಸ ಊಟದ ಹೊತ್ತಿಗೆ ಮುಗಿದಿರುತ್ತದೆ.
ನಾಲ್ಕು ದಿನಕ್ಕೆ ನಾಚಿಕೆಮುಳ್ಳು ಮುಟ್ಟಿದರೂ ನಾಚದು,
ಚಗಟೆ ಕೆಂಪಾಗಿ ಬಾಗುತ್ತದೆ, ಪಕ್ಕದ ಒಂದೆಲಗವೂ.
ಹೋಗಿ ಬರುವವರು ಬೈಕು ನಿಲ್ಲಿಸಿ ಹೇಳಿದ್ದಾರೆ:
ತೋಟವೆಂದರೆ ಹೀಗಿರಬೇಕು.

ಎರಡನೆಯದು ಗುದ್ದಲಿಯ ಪಟ್ಟೆಗೆ.
ಅಣ್ಣ ಅಲ್ಲಿ ಹುಲ್ಲಿನ ಹೆಸರಿಲ್ಲದಂತೆ ಹೆರೆದು ಹೆರೆದು
ಮೆಣಸಿನ ಕೂದಲುಬೇರೂ ಕಿತ್ತು ಬಂದು
ಒಂದೇ ಮಳೆಗಾಲಕ್ಕೆ ಹನ್ನೆರಡು ಬಳ್ಳಿ ಸೊರಗಿದ್ದವು.
ಪಂಪು ಕೊಂಡದ್ದು ಅದರ ಮಾರನೇ ವರ್ಷ.
ಇದನ್ನೂ ಬರೆದುಕೋ ಎಂದೆ. ಬರೆದುಕೊಂಡಳು.

ಉಳಿದದ್ದು ಹಳ್ಳದ ಮೂಲೆಗೆ.
ಪಂಪು ಹೊತ್ತು ಇಳಿಯಲಾಗದ ಜಾರು ಅದು.
ಹೊನ್ನಿ, ಮಂಡಿ ಹಿಡಿದುಕೊಂಡೇ ಕುಳಿತು,
ಕುಡುಗೋಲಲ್ಲಿ ಸವರಿದ್ದನ್ನು ಅಲ್ಲೇ ಹಾಸುತ್ತಾಳೆ,
ತಂಬುಳಿಯ ಸೊಪ್ಪನ್ನು ಮೊದಲು ಮಡಿಲಿಗೆ ಹಾಕಿ.
ಕಾಡೋ ತೋಟವೋ ತಿಳಿಯದ ಆ ಮೂಲೆಗೆ
ನಾನು ಯಾರನ್ನೂ ಕರೆದೊಯ್ದವನಲ್ಲ.

ದೊಡ್ಡಹಬ್ಬ ಕಳೆದು ಬಂದಳು.
ಹಳ್ಳದ ಮೂಲೆಯಲ್ಲಿ ಬಟ್ಟೆ ಹುಡುಕುವುದೇ ಪಾಡಾಯಿತು.
ಸಿಕ್ಕಿದ್ದು ಹಸಿರು ಅಂಚಿನ ನೈಲಾನು ದಾರ,
ಅದಕ್ಕೆ ಹೆಣೆದುಕೊಂಡ ಬಿಳಿ ಬೂಸ್ಟಿನ ಎಳೆ,
ಎರಡು ಎರೆಹುಳ, ಚಕ್ಕುಲಿಯಾಗಿ ಸುತ್ತಿಕೊಂಡ
ಸಾವಿರಕಾಲಿನ ಒಂದು ಹುಳ, ಮತ್ತೆ
ಸಾಸಿವೆಗಿಂತ ಸಣ್ಣವು, ಬೆಳಕು ಕಂಡು ಜಿಗಿಯುವಂಥವು,
ನಮ್ಮಲ್ಲಿ ಅವಕ್ಕೆ ಹೆಸರೇ ಇಲ್ಲ.
ಒಂದು ಹಿಡಿ ಮಣ್ಣು ಮೂಸಿದಳು, ನನ್ನ ಮೂಗಿಗೂ ಹಿಡಿದಳು.

ಗುದ್ದಲಿಯ ಪಟ್ಟೆಯಲ್ಲಿ ಅರ್ಧ ಬಟ್ಟೆ, ಅರ್ಧ ಬಲೆ.

ರಸ್ತೆಬದಿಯದನ್ನು ನಾನೇ ಅಗೆದೆ.
ಹಾವಸೆಯ ತೆಳು ಪದರದ ಕೆಳಗೆ ನೆಲ ಟಣ್ ಎಂದಿತು.
ಬಟ್ಟೆ ಹಾಗೇ ಇತ್ತು.
ಹಾಗೇ ಎಂದರೆ, ಹೊನ್ನಿ ಹಾಕಿದ ತೇಪೆಯ
ಹೊಲಿಗೆ ಕೂಡ ಬಿಟ್ಟಿರಲಿಲ್ಲ.
ಒಳ್ಳೆಯದೇ ಆಯಿತಲ್ಲ ಎಂದು ನಾಲಿಗೆ ತುದಿಗೆ ಬಂದಿತ್ತು.
ಅವಳ ಮುಖ ನೋಡಿ ನುಂಗಿದೆ.

ಬದುಕಿಡೀ ಹೀಗೇ ಬೈದಿದ್ದೇನೆ:
ದುಡ್ಡು ಮಣ್ಣುಪಾಲು, ದುಡಿಮೆ ಮಣ್ಣುಪಾಲು,
ಮಗ್ಗಿ ಬಾರದ ಮಗನ ಫೀಸು ಮಣ್ಣುಪಾಲು.
ಆ ಪಾಲಿಗೆ ಕಾದು ಕೂತವರು ಇರುತ್ತಾರೆಂದು
ಹೊಳೆದಿರಲಿಲ್ಲ.
ಇಲ್ಲಿ ಎಲೆ ಹಾಕಿತ್ತು, ಬಡಿಸಿಯೂ ಇತ್ತು.
ಪಂಕ್ತಿಯಲ್ಲಿ ಒಬ್ಬರೂ ಇರಲಿಲ್ಲ.

ಮೆಣಸು ಮಾತ್ರ ಈ ಸಲ ಮೂರೂ ಕಡೆ
ಒಂದೇ ಥರ ಸರ ಬಿಟ್ಟಿದೆ.
ಅದನ್ನೂ ಬರೆದುಕೊಂಡಳು, ಪೆನ್ನು ತುಸು ತಡೆದು.

ದಾರ ಒಯ್ದಳು, ಬಲೆ ಒಯ್ದಳು,
ಇಡೀ ತುಂಡು ಬಿಟ್ಟು ಹೋದಳು: "ಇದರದು ಫೋಟೋ ಸಾಕು."
ಹೊನ್ನಿ ಒಗೆದು ಒಣಗಿಸಿದಳು.
ಇವತ್ತು ಕೊಟ್ಟಿಗೆಯಲ್ಲಿ ನೋಡುತ್ತೇನೆ,
ಪಂಪಿನ ಬಾಯಿಗೆ ಅದನ್ನು ಬಿಗಿದು ಕಟ್ಟಿದ್ದಾಳೆ.
ನೀರು ಸೋಸಲಿಕ್ಕೋ, ಬಾಯಿ ಮುಚ್ಚಿಸಲಿಕ್ಕೋ?

ಕೇಳಿದೆ.
ಹಿತ್ತಲ ಕಲ್ಲಿನ ಮೇಲೆ
ಕುಡುಗೋಲು ಮಸೆಯುವ ಸದ್ದು ನಿಲ್ಲಲಿಲ್ಲ.