ಉಗುರಿಗೆ ತಡೆಯಬೇಕು

ಮುಹರ್ರಕ್ಕಿನ ಈ ಓಣಿಯಲ್ಲಿ ಎರಡು ಕತ್ತೆ ಎದುರಾದರೆ
ಒಂದು ಹಿಂದುಹಿಂದಕ್ಕೇ ನಡೆಯಬೇಕಿತ್ತಂತೆ.
ಇಷ್ಟು ದೊಡ್ಡ ಪೆಟ್ಟಿಗೆ ಹೇಗೆ ಒಳಬಂತೋ
ಲುಲ್ವಾ ಅಜ್ಜಿಗೂ ಗೊತ್ತಿಲ್ಲ.
"ನಾನು ಬರುವ ಮೊದಲೇ ಇತ್ತು" ಅನ್ನುತ್ತಾಳೆ,
ಅತ್ತೆಯ ಮಾತೆತ್ತುವ ದನಿಯಲ್ಲೇ.

ಇಟಲಿಯದು. ಅಕ್ರೋಟು ಮರದ ಮೈ.
ಮುಚ್ಚಳದ ತುಂಬ ಎಂಟು ಮೂಲೆಯ ನಕ್ಷತ್ರ:
ಮೂಳೆ, ಕರಿಮರ, ಹಸಿರು ಕುಡಿದ ಮೂಳೆ,
ಅಕ್ಕಿಕಾಳಿಗಿಂತ ಸಣ್ಣ ತ್ರಿಕೋನಗಳು.
ಚೆರ್ತೊಸೀನಾ ಅಂತ ಈ ಕೆಲಸಕ್ಕೆ ಹೆಸರು,
ಮಾತು ಬಿಟ್ಟ ಸನ್ಯಾಸಿಗಳ ಮಠದಿಂದ ಬಂದ ಹೆಸರಂತೆ.
ಇರಬಹುದು.
ಬಾಯಿ ತೆರೆದರೆ ಉಸಿರಿಗೇ ಹಾರಿಹೋಗುವ ಚೂರುಗಳು.

"ನಕ್ಷತ್ರ ನಮ್ಮವೇ" ಎಂದು ಅಜ್ಜಿಯ ತಕರಾರು.
"ಅವರು ಎತ್ತಿಕೊಂಡು ಹೋದರು,
ನನ್ನ ಮಾವ ದುಡ್ಡು ಕೊಟ್ಟು ವಾಪಸು ತಂದ."

ಆಗಸ್ಟಿನ ಸಮುದ್ರ ಗೋಡೆ ದಾಟಿ ಬರುತ್ತದೆ.
ಮರ ಅದನ್ನು ಕುಡಿದು ಉಬ್ಬುತ್ತದೆ.
ಏಸಿ ಹಾಕಿದೊಡನೆ ಹೆದರಿ ಕುಗ್ಗುತ್ತದೆ.
ಮೂಳೆಗೆ ಈ ಎರಡೂ ಅಭ್ಯಾಸವಿಲ್ಲ,
ನೆಟ್ಟಗೆ ಎದ್ದು ಹೊರಟುಬಿಡುತ್ತದೆ.
ಹಾಗೆ ಹೊರಟವು ನಲವತ್ತಮೂರು.
ಕಸಪೊರಕೆಗೆ ಸಿಕ್ಕವು ಆರು.

ನನಗೆ ಕೆಲಸ ಕಲಿಸಿದವರು
ಮೈಸೂರಿನ ಮಂಡಿ ಮೊಹಲ್ಲಾದ ಅಜೀಜುಲ್ಲಾ ಉಸ್ತಾದರು.
ಹನ್ನೆರಡು ವರ್ಷ ಬೀಟೆಯ ಹಲಗೆಯಲ್ಲಿ ಆನೆ ಕೂರಿಸಿದ್ದೇನೆ.
ದಂತದ ಕೆಲಸ ನಿಂತ ಮೇಲೆ
ಆನೆಗೇ ಪ್ಲಾಸ್ಟಿಕ್ಕಿನ ದಂತ!
ಉಸ್ತಾದರು ಕಣ್ಣಿಂದ ನೋಡುತ್ತಿರಲಿಲ್ಲ,
ಹೆಬ್ಬೆರಳ ಉಗುರನ್ನು ಹಲಗೆಯ ಮೇಲೆ ಓಡಿಸುತ್ತಿದ್ದರು.
ತಡೆದರೆ ಕೆನ್ನೆಗೆ ಒಂದು.
ತಡೆಯದಿದ್ದರೆ ಏನೂ ಇಲ್ಲ;
ಆ ಏನೂ ಇಲ್ಲಕ್ಕಾಗಿ ನಾನು ಬೆಳೆದೆ.

ಒಂಟೆಯ ಮೂಳೆಯನ್ನು ಗುಲ್‌ಜಮಾನ್ ತಂದುಕೊಟ್ಟ.
ಕುದಿಸಿ, ಜಿಡ್ಡು ತೆಗೆದು, ತಾರಸಿಯ ಬಿಸಿಲಿಗಿಟ್ಟು,
ಕೂದಲಿನಂಥ ಗರಗಸದಲ್ಲಿ ಕೊಯ್ದು,
ಹಳೆಯ ಹಳದಿ ಬರಲೆಂದು ಚಹಾದಲ್ಲಿ ನೆನೆಸಿ
ಕೂರಿಸಿದೆ ಮೊದಲ ನಕ್ಷತ್ರ.
ಉಗುರು ನೀರಿನ ಮೇಲೆ ಹೋದ ಹಾಗೆ ಹೋಯಿತು.

ವಸ್ತುಸಂಗ್ರಹಾಲಯದ ಓರ್ನೆಲ್ಲಾ ಮೇಡಂ ಬಂದರು,
ಕೊರಳ ದಾರದ ಕನ್ನಡಕ ಏರಿಸಿ ಬಗ್ಗಿದರು.
ಹುಡುಕಿದರು. ಸಿಗಲಿಲ್ಲ.
ನಾನು ನಗಲು ತಯಾರಾಗಿದ್ದೆ.
"ಇದು ತಪ್ಪು" ಎಂದರು.
"ದೂರದವರಿಗೆ ಒಂದೇ ಅನಿಸಲಿ,
ಹತ್ತಿರ ಬಂದವರಿಗೆ ಗೊತ್ತಾಗಬೇಕು,
ಇದು ಆಮೇಲೆ ಬಂದದ್ದು ಅಂತ."

ಬಿಚ್ಚಿದೆ. ಮತ್ತೆ ಕೂರಿಸಿದೆ.
ಕೈ ಕೇಳಬೇಕಲ್ಲ!
ಮತ್ತೆ ಕಾಣದ ಹಾಗೇ ಕೂತಿತು.
ಮತ್ತೆ ಬಿಚ್ಚಿದೆ.
ಐವತ್ತೆರಡನೆಯ ವಯಸ್ಸಿನಲ್ಲಿ
ಸಂದು ಬಿಡುವುದನ್ನು ಕಲಿಯುತ್ತ ಕೂತೆ,
ಕೆನ್ನೆ ತಂತಾನೇ ಬಿಸಿಯಾಗುತ್ತಿತ್ತು.

ಮೂಲೆಯ ನಕ್ಷತ್ರದಲ್ಲೊಂದು ಚೂರು ಬೇರೆ ಥರ ಇತ್ತು,
ಮರವೂ ಅಲ್ಲ, ಮೂಳೆಯೂ ಅಲ್ಲ.
ಭೂತಗನ್ನಡಿ ಇಟ್ಟು ನೋಡಿದರೆ ಖರ್ಜೂರದ ಬೀಜ!
ಯಾವನೋ ಯಾವಾಗಲೋ ತಿಂದು,
ಉಗುಳಿ, ತೇದು, ಮೂರು ಮೂಲೆ ಮಾಡಿ ಕೂರಿಸಿದ್ದ.
ಒಂದು ಮೂಲೆ ಸೊಟ್ಟ.
ಉಸ್ತಾದರಾಗಿದ್ದರೆ ಅವನಿಗೆ ಎರಡು.

"ತೆಗೆಯಲೇ?"
"ಬೇಡ ಬೇಡ, ಬರೆದಿಡೋಣ."
ದಫ್ತರಿನಲ್ಲಿ ರಿಪೇರಿ ಮಾಡಿದವರ ಹೆಸರಿನ ಸಾಲು:
ಮೊದಲನೆಯದಕ್ಕೆ ಗೊತ್ತಿಲ್ಲ ಎಂದು ಬರೆದರು.
ಎರಡನೆಯದಕ್ಕೆ ನನ್ನನ್ನು ಕೇಳಿದರು.
ಸಿದ್ದಪ್ಪಾಜಾಚಾರಿ ಎಂದೆ. ಮೂರು ಸಲ ಹೇಳಿದೆ.
ಕೊನೆಗೆ ಪುಸ್ತಕವನ್ನೇ ನನ್ನ ಕಡೆ ತಿರುಗಿಸಿದರು,
ಕನ್ನಡದಲ್ಲೇ ಬರೆದೆ.

ಕೆಲಸ ಮುಗಿದ ದಿನ ಅಜ್ಜಿಯನ್ನು ಕರೆತಂದರು.
ಎರಡು ಕಣ್ಣಿಗೂ ಪೊರೆ.
ಗೋರಂಟಿ ಮಾಸಿದ ಉಗುರು ಮುಚ್ಚಳದ ಮೇಲೆ
ಸಾಲು ಹಿಡಿದು ಹೊರಟಿತು.
ಖರ್ಜೂರದ ಬೀಜದ ಮೇಲೆ ನಿಲ್ಲದೆ ದಾಟಿತು,
ಹಳೆಯ ಪರಿಚಯ ಇರಬೇಕು.
ಮೂರನೆಯ ಸಾಲಲ್ಲಿ ತಡೆಯಿತು.
ಹಿಂದೆ ಬಂತು. ಮತ್ತೆ ತಡೆಯಿತು.

"ಯಾ ನಜ್ಜಾರ್," ಎಂದಳು,
"ಇಲ್ಲಿ ನೀನಾ?"

ಹೌದಮ್ಮ ಎಂದೆ, ಕೆನ್ನೆ ಮುಟ್ಟಿಕೊಳ್ಳುತ್ತ.