ಎಣಿಕೆ

ಟೊಲೀಡೊ. ಕಿಟಕಿಯಾಚೆ ಮಾರ್ಚಿನ ಕೊಳಕು ಹಿಮ.
ವರ್ನೀಟಾ ಪ್ರೂಯಿಟ್ ಕೋಟು ಬಿಚ್ಚದೆ ಕೂತಳು,
ಮಡಿಲಲ್ಲಿ ಬೂಟಿನ ಡಬ್ಬಿ, ಅದರ ತುಂಬ
ಒಡೆಯದ ಲಕೋಟೆಗಳು.

"ಇವತ್ತಿಗೆ ಸರಿಯಾಗಿ ಎಂಟು ವರ್ಷ.
ನೋಡಿ ವಕೀಲ್ರೇ, ಒಂದು ದಿನ ಮುಂಚೆ ಬಂದಿಲ್ಲ ನಾನು."
ಸಾಲ ಮನ್ನಾ ಆದ ತಾರೀಖು ಅವಳಿಗೆ ಬಾಯಿಪಾಠ.
ಅಂದು ಶಾಲೆಯ ಬಸ್ಸು ಖಾಲಿಯಾದ ಮೇಲೆ
ಸ್ಟೀರಿಂಗಿಗೆ ತಟ್ಟೆ ಆನಿಸಿ, ಒಬ್ಬಳೇ,
ಇಡೀ ಚೆರ್ರಿ ಪೈ ತಿಂದಿದ್ದಳಂತೆ.

ಹಳೆಯ ಕಡತ ತೆರೆದೆ.
ಹೇಗೆ ಹೇಳಲಿ?
ಎಂಟು ವರ್ಷ ಎಣಿಸುವುದು
ಮನ್ನಾ ಆದಂದಿನಿಂದಲ್ಲ, ಅರ್ಜಿ ಕೊಟ್ಟಂದಿನಿಂದ.
ನವೆಂಬರಿನಲ್ಲೇ ಬಾಗಿಲು ತೆರೆದಿತ್ತು.

ಡಿಸೆಂಬರು, ಜನವರಿ, ಫೆಬ್ರವರಿ:
ಮುರಿದ ಸೊಂಟದ ಬಾಬ್ತು ಆಸ್ಪತ್ರೆಯವರು
ಪ್ರತಿ ಸಂಬಳದ ಕಾಲುಪಾಲು ಕಿತ್ತುಕೊಂಡರು,
ಸುಮ್ಮನೆ.

ಅವಳು ರೇಗಲಿಲ್ಲ. ಬೆರಳು ಮಡಚಿ ಎಣಿಸಿದಳು,
ಬಿಡಿಸಿ, ಮತ್ತೆ ಎಣಿಸಿದಳು.
"ಅಂದ್ರೆ ಕ್ಷಮೆ ಸಿಕ್ಕಿದ ದಿನ ಅಲ್ಲ.
ಕೇಳೋಕೆ ನಾಚ್ಕೊಂಡು ಇದೇ ಕುರ್ಚೀಲಿ ಕೂತಿದ್ನಲ್ಲ,
ಆ ದಿನ."

ಹೌದು, ಅಂದೆ.
ಆ ದಿನ ಏನು ತಿಂದಳೋ ಅವಳಿಗೆ ನೆನಪಿರಲಿಲ್ಲ.
ಡಬ್ಬಿಯ ಮುಚ್ಚಳ ತೆಗೆದು
ಮೊದಲ ಲಕೋಟೆಯ ಅಂಚಿಗೆ
ಉಗುರು ಹಾಕಿದಳು.